ಮೋಟಾರಿನ ಬೆನ್ನೆಲುಬು

ಗಂಗಾವತಿ ತಾಲ್ಲೂಕಿನ ಸಾಣಾಪುರದ ಕೆರೆಯಲ್ಲಿ ಹರಿಗೋಲನ್ನೇರಿದವರು ಅದರ ಹೆಣಿಗೆಯನ್ನು ಗಮನಿಸಿರಬಹುದು. ಇಡೀ ಬಿದಿರಗಳುವನ್ನು ಎರಡು ಕೈಗಳಿಂದ ಹಿಡಿದು ತಿರುಚಲು ಯತ್ನಿಸಿದರೆ ಅದು ಸ್ವಲ್ಪವೂ ಮಣಿಯದು. ಅದನ್ನೇ ಉದ್ದಕ್ಕೆ ಸೀಳಿ ದಬ್ಬೆಗಳನ್ನಾಗಿ ಮಾಡಿದೊಡನೆ ಹೆಣೆಯುವವನ ಕೈಗೆ ಸುಲಭವಾಗಿ ಬಗ್ಗುತ್ತದೆ. ವಸ್ತು ಒಂದೇ, ವ್ಯತ್ಯಾಸವಾದುದು ಆಕಾರ ಮಾತ್ರ. ಈ ಸಂಗತಿಯಲ್ಲಿಯೇ ಒಂದು ಬಗೆಯ ಮೋಟಾರಿನ ರಚನೆಯ ರಹಸ್ಯವಡಗಿದೆ.

ಕಲ್ಲುಬಂಡೆಗಳ ನಡುವಣ ಹಾದಿಯಲ್ಲಿ ಮೋಟಾರೊಂದು ಚಲಿಸುತ್ತಿದೆಯೆಂದು ಭಾವಿಸೋಣ. ಮುಂದಿನ ಎಡಗಾಲಿ ಕಲ್ಲನ್ನೇರಿದಾಗ, ಒದ್ದೆಬಟ್ಟೆಯನ್ನು ಹಿಂಡುವಂತೆ ವಾಹನದ ಚೌಕಟ್ಟು ತಿರುಚಲ್ಪಡುತ್ತದೆ. ಚೌಕಟ್ಟು ಮಣಿದರೆ ಗಾಲಿಗಳು ತಮ್ಮ ನೆಲೆಯಿಂದ ಓರೆಯಾಗುತ್ತವೆ. ವೇಗವಾಗಿ ತಿರುವಿನಲ್ಲಿ ಸಾಗುವ ವಾಹನವು ಚಾಲಕನ ಹಿಡಿತಕ್ಕೆ ಸರಿಯಾಗಿ ಒಳಪಡುವುದಿಲ್ಲ. ಏಣಿಯಂತೆ ಎರಡು ಉದ್ದ ತೊಲೆಗಳನ್ನು ಅಡ್ಡಪಟ್ಟಿಗಳಿಂದ ಜೋಡಿಸಿದ ಹಳೆಯ ಚೌಕಟ್ಟಿನ ದೌರ್ಬಲ್ಯವಿದು. ಇದಕ್ಕೆ ಪರಿಹಾರವಾಗಿ, ವಾಹನದ ನಡುವೆ ಉದ್ದಕ್ಕೂ ಒಂದೇ ಕೊಳವೆಯನ್ನಿಡುವ ಕ್ರಮವು ಬಂದಿತು. ಹ್ಯಾನ್ಸ್ ಲೆಡ್ವಿಂಕಾ ಎಂಬ ಎಂಜಿನಿಯರನು ರೂಪಿಸಿದ, 1923ರಲ್ಲಿ ಹೊರಬಂದ ಟಾಟ್ರಾ 11 ಇಂತಹುದು. ಎಂಜಿನ್ನಿನ ಶಕ್ತಿಯನ್ನು ಹಿಂಗಾಲಿಗಳಿಗೆ ಒಯ್ಯುವ ದಂಡವು ಇದರ ಕೊಳವೆಯೊಳಗೇ ತಿರುಗುತ್ತಿತ್ತು.

ಕೊಳವೆಯ ಶಕ್ತಿಯೆಷ್ಟು? 50 ಮಿಲಿಮೀಟರು ತ್ರಿಜ್ಯ, 2 ಮಿಲಿಮೀಟರು ದಪ್ಪದ ಗೋಡೆಯುಳ್ಳ ಉಕ್ಕಿನ ಕೊಳವೆಯೊಂದನ್ನು ತೆಗೆದುಕೊಳ್ಳಿ. ಅದರ ಉದ್ದಕ್ಕೆ ಒಂದು ಸೀಳು ಕೊಯ್ದರೆ ತೂಕವು ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಆದರೆ ತಿರುಚುವಿಕೆಯನ್ನು ತಡೆಯುವ ಬಿಗಿತವು ಸುಮಾರು 1,900ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ! ಸೀಳಿಲ್ಲದ ಕೊಳವೆಯಲ್ಲಿ ಒತ್ತಡವು ಗೋಡೆಯ ಸುತ್ತ ಅಖಂಡವಾಗಿ ಹರಿಯುತ್ತದೆ. ಸೀಳಿದಾಗ ಆ ಸುತ್ತು ಕಡಿದು, ಅಂಚುಗಳು ಒಂದರ ಪಕ್ಕದಲ್ಲೊಂದು ಜಾರುತ್ತವೆ. ದಪ್ಪವನ್ನು ಹಾಗೆಯೇ ಇರಿಸಿ ತ್ರಿಜ್ಯವನ್ನು ಇಮ್ಮಡಿಸಿದರೆ ತೂಕವು ಎರಡರಷ್ಟು, ಬಿಗಿತವು ಎಂಟರಷ್ಟು ಆಗುತ್ತದೆ.

ಇದನ್ನು ಮನೆಯಲ್ಲಿಯೇ ಪರೀಕ್ಷಿಸಬಹುದು. ಒಂದು ಕಾಗದದ ರಟ್ಟನ್ನು ಕೊಳವೆಯಂತೆ ಸುತ್ತಿ, ಅಂಚುಗಳನ್ನು ಅಂಟಿಸದೆ ತಿರುಚಿ ನೋಡಿ. ಬಳಿಕ ಅಂಟಿಸಿ, ಒಣಗಿದ ಮೇಲೆ ಮತ್ತೆ ತಿರುಚಿ. ವ್ಯತ್ಯಾಸವನ್ನು ಕೈಯೇ ತಿಳಿಸುತ್ತದೆ.

1962ರಲ್ಲಿ ಇಂಗ್ಲೆಂಡಿನಲ್ಲಿ ಹೊರಬಂದ ಲೋಟಸ್ ಎಲಾನ್ ಎಂಬ ಚಿಕ್ಕ ಕ್ರೀಡಾವಾಹನದಲ್ಲಿ ಈ ತತ್ತ್ವವು ಸೊಗಸಾಗಿ ಪ್ರಯೋಗವಾಯಿತು. ಅದಕ್ಕೆ ಗಟ್ಟಿಯಾದ ಮಾಡಿರಲಿಲ್ಲ, ಮೈ ಗಾಜುನಾರಿನದು. ಆದುದರಿಂದ ಮಡಿಸಿದ ಉಕ್ಕಿನ ತಗಡಿನ ಪೆಟ್ಟಿಗೆಯೊಂದು ನಡುವೆ ಬೆನ್ನೆಲುಬಾಗಿ ನಿಂತಿತು. ಅದರ ಎರಡೂ ತುದಿಗಳು ಕವೆಗೋಲಿನಂತೆ ಕವಲೊಡೆದು ಎಂಜಿನ್ನನ್ನೂ ಗಾಲಿಗಳ ಆಧಾರಗಳನ್ನೂ ಹೊತ್ತವು.

ಸ್ವಂತ ವಾಹನವನ್ನು ಕಟ್ಟಬಯಸುವ ತರುಣರು ಎಡವುವುದು ಇಲ್ಲಿಯೇ. ಗೇರುಕೋಲಿಗೆಂದೋ ದುರಸ್ತಿಗೆಂದೋ ಪೆಟ್ಟಿಗೆಯಲ್ಲಿ ದೊಡ್ಡ ಕಿಂಡಿ ಕೊಯ್ದರೆ ಅದು ಸೀಳಿದ ಬಿದಿರಿನಂತಾಗುತ್ತದೆ. ಕಿಂಡಿ ಅನಿವಾರ್ಯವಾದರೆ ಅಂಚನ್ನು ಮಡಿಸಿ, ಬೋಲ್ಟುಗಳಿಂದ ಬಿಗಿಯುವ ಮುಚ್ಚಳವನ್ನು ಹಾಕಬೇಕು. ಕವಲುಗಳ ಬುಡಕ್ಕೆ ತ್ರಿಕೋನಾಕಾರದ ತಗಡುಗಳನ್ನೂ ತುದಿಗಳಿಗೆ ಅಡ್ಡತೊಲೆಯನ್ನೂ ಬೆಸೆಯಬೇಕು. ಇನ್ನೊಂದು ಎಚ್ಚರಿಕೆಯೂ ಅಗತ್ಯ: ನಡುವಿನ ಬೆನ್ನೆಲುಬು ಪಕ್ಕದಿಂದ ಬೀಳುವ ಹೊಡೆತದಿಂದ ಪ್ರಯಾಣಿಕನನ್ನು ಕಾಯಲಾರದು; ಆ ರಕ್ಷಣೆಯನ್ನು ಬೇರೆಯಾಗಿ ಒದಗಿಸಬೇಕು.

ಈ ವಿದ್ಯೆ ಕರ್ನಾಟಕಕ್ಕೆ ಹೊಸದಲ್ಲ. ಬೆಂಗಳೂರಿನ ಬಿಇಎಂಎಲ್ ಸಂಸ್ಥೆಯು ನಮ್ಮ ಸೈನ್ಯಕ್ಕೆ ಒದಗಿಸಿದ ಭಾರಿ ಟಾಟ್ರಾ ಲಾರಿಗಳ ನಡುವೆಯೂ ಇಂತಹ ಕೊಳವೆಯೇ ಇದೆ. ಅದರಿಂದ ಎರಡೂ ಬದಿಗೆ ಚಾಚಿದ ಅರ್ಧ ಅಚ್ಚುಗಳು ಬೇರೆಬೇರೆಯಾಗಿ ಏರಿಳಿಯುವುದರಿಂದ, ತಗ್ಗುದಿಣ್ಣೆಗಳ ನೆಲದಲ್ಲಿಯೂ ಅವು ನಿರಾತಂಕವಾಗಿ ಸಾಗುತ್ತವೆ. ಬಿಗಿತವು ಲೋಹದ ರಾಶಿಯಿಂದಲ್ಲ, ಅದನ್ನು ಅಖಂಡವಾಗಿ ಸುತ್ತುವ ಜಾಣ್ಮೆಯಿಂದ ಬರುತ್ತದೆ ಎಂಬುದನ್ನು ಬಿದಿರು ಎಂದೋ ಸಾರಿದೆ.