ನೋಡುತ್ತ ನಿಂತವರ ಕಣ್ಣು

ದೀಪಾವಳಿಯ ಮೂರು ದಿನ ನಮ್ಮ ಕಣ್ಣಾಸ್ಪತ್ರೆಯಲ್ಲಿ ಯಾರೂ ರಜೆ ಕೇಳುವುದಿಲ್ಲ. ಬೆಂಗಳೂರಿಗೆ ನರ್ಸ್ ಆಗಿ ಬಂದಂದಿನಿಂದ ನನ್ನ ಹಬ್ಬವೆಲ್ಲ ಎಮರ್ಜೆನ್ಸಿ ವಾರ್ಡಿನಲ್ಲೇ. ನರಕ ಚತುರ್ದಶಿಯ ಸಂಜೆ ಶುರುವಾದರೆ ಬಲಿಪಾಡ್ಯಮಿ ಕಳೆದರೂ ಮಕ್ಕಳು ಬರುತ್ತಲೇ ಇರುತ್ತಾರೆ. ‘ಏನು ಹಚ್ಚುತ್ತಿದ್ದೆ ಪುಟ್ಟಾ?’ ಎಂದು ಕೇಳಿದರೆ ಎಷ್ಟೋ ಸಲ ಸಿಗುವ ಉತ್ತರ, ‘ನಾನು ಹಚ್ಚಲಿಲ್ಲ ಆಂಟಿ, ಸುಮ್ನೆ ನೋಡ್ತಾ ನಿಂತಿದ್ದೆ.’

ಎಚ್ಚರಿಕೆಯನ್ನೆಲ್ಲ ಹಚ್ಚುವವರಿಗೇ ಹೇಳಿ ಮುಗಿಸುತ್ತೇವೆ. ಯಾವ ಕ್ಷಣದಲ್ಲಿ ಓಡಬೇಕೆಂದು ಹಚ್ಚಿದವನಿಗೆ ಗೊತ್ತು. ಗೇಟಿನ ಬಳಿ ನಿಂತ ತಂಗಿಗೆ, ಆ ದಾರಿಯಲ್ಲಿ ಬಂದ ಸ್ಕೂಟರಿನವರಿಗೆ ಗೊತ್ತಿಲ್ಲ. ಬಾಟಲಿ ವಾಲಿದರೆ ರಾಕೆಟ್ ಎದುರುಮನೆಯ ಬಾಲ್ಕನಿಗೆ ನುಗ್ಗುತ್ತದೆ. ಡಬ್ಬಿ ಮುಚ್ಚಿ ಲಕ್ಷ್ಮಿ ಪಟಾಕಿ ಹಚ್ಚಿದರೆ ತಗಡಿನ ಚೂರು ಯಾರಿಗೆ ತಾಗುವುದೋ ಹೇಳಲಾಗದು. ಅದಕ್ಕೇ ನಮ್ಮ ಬೀದಿಯಲ್ಲಿ ದೊಡ್ಡವರೊಬ್ಬರು ಪಟಾಕಿ ಮುಟ್ಟದೆ ಜನರನ್ನೇ ನೋಡಿಕೊಳ್ಳಬೇಕೆಂದು ಹಟ ಹಿಡಿದು ಒಪ್ಪಿಸಿದ್ದೇನೆ. ಹಾರ್ಡ್‌ವೇರ್ ಅಂಗಡಿಯ ಪ್ಲಾಸ್ಟಿಕ್ ಸುರಕ್ಷಾ ಕನ್ನಡಕ ನೋಡುವ ಮಕ್ಕಳಿಗೂ ಬೇಕು.

ಆಟಂ ಬಾಂಬಿಗಿಂತ ನನಗೆ ಹೂಕುಂಡದ ಭಯ ಹೆಚ್ಚು. ಸದ್ದಿಲ್ಲವೆಂದು ಪುಟ್ಟ ಮಕ್ಕಳನ್ನು ಅದರ ಪಕ್ಕದಲ್ಲೇ ಕೂರಿಸುತ್ತಾರೆ. ಬತ್ತಿ ಆರಿದಂತೆ ಕಂಡರೂ ಒಳಗೆ ಕಿಡಿ ಉಳಿದಿರಬಹುದು. ಬಗ್ಗಿ ನೋಡುವ ಹೊತ್ತಿಗೇ ಮುಖಕ್ಕೆ ಸಿಡಿಯುತ್ತದೆ. ಠುಸ್ ಆದದ್ದನ್ನು ಮತ್ತೆ ಹಚ್ಚಲೇಬೇಡಿ. ಅರ್ಧ ಗಂಟೆ ಹತ್ತಿರ ಹೋಗದೆ, ಆಮೇಲೆ ಬಕೆಟ್ ನೀರಿನಲ್ಲಿ ಮುಳುಗಿಸಿ. ಹಾಗೇ ಬಿಟ್ಟರೆ ಬೆಳಿಗ್ಗೆ ಮಕ್ಕಳು ಆರಿಸಿ ತಂದು, ಮದ್ದನ್ನೆಲ್ಲ ಕಾಗದದ ಮೇಲೆ ಸುರಿದು ಕಡ್ಡಿ ಗೀರುತ್ತಾರೆ. ಹಬ್ಬ ಮುಗಿದ ಮೇಲೆ ಬರುವ ಸುಟ್ಟ ಮುಖಗಳಲ್ಲಿ ಇಂಥವೇ ಎಷ್ಟೋ.

‘ಹಸಿರು ಪಟಾಕಿ ತಾನೆ ಸಿಸ್ಟರ್!’ ಎನ್ನುವ ತಂದೆ ತಾಯಂದಿರಿಗೂ ಹೇಳಬೇಕು. 2018ರಲ್ಲಿ ಸುಪ್ರೀಂ ಕೋರ್ಟ್ ದೀಪಾವಳಿಗೆ ರಾತ್ರಿ 8ರಿಂದ 10ರ ಹೊತ್ತು ನಿಗದಿ ಮಾಡಿ, ಹೊಗೆ ಕಡಿಮೆಯಿರುವ ಪಟಾಕಿಗಷ್ಟೇ ಒಪ್ಪಿಗೆ ಕೊಟ್ಟಿತು. ಆ ನಿಯಮ ಗಾಳಿಗೆ ಒಳ್ಳೆಯದು. ಆದರೆ ಕಣ್ಣಿಗೆ ಬಿದ್ದರೆ ಹಸಿರು ಪಟಾಕಿಯ ಕಿಡಿಯೂ ಸುಡುತ್ತದೆ.

ಪೆಟ್ಟಾದರೆ ಕಣ್ಣು ಉಜ್ಜಲು ಬಿಡಬೇಡಿ. ಮದ್ದಿನ ಪುಡಿ ಬಿದ್ದಿದ್ದರೆ ಶುದ್ಧ ನೀರಿನಲ್ಲಿ ಚೆನ್ನಾಗಿ ತೊಳೆಯಿರಿ. ಕಣ್ಣು ಹರಿದಿದ್ದರೆ, ಏನಾದರೂ ಚುಚ್ಚಿಕೊಂಡಿದ್ದರೆ ನೀರೂ ಬೇಡ, ಕೀಳಲೂ ಹೋಗಬೇಡಿ. ಕಣ್ಣಿಗೆ ಒತ್ತದಂತೆ ಪೇಪರ್ ಲೋಟ ಕವುಚಿ ಹಿಡಿದು ಕರೆತನ್ನಿ. ಎದೆಹಾಲು, ಹರಳೆಣ್ಣೆ ಹಾಕಿಸಿಕೊಂಡು ಬಂದ ಮಗುವನ್ನು ಕಂಡರೆ ಸಂಕಟವಾಗುತ್ತದೆ. ಕಾಳಜಿಯಿಂದಲೇ ಹಾಕಿರುತ್ತಾರೆ, ಆದರೆ ಸೋಂಕಿನ ಅಪಾಯ ಹೆಚ್ಚುತ್ತದೆ.

ಇನ್ನೊಂದು ವಿಷಯವನ್ನು ಡಿಸ್ಚಾರ್ಜ್ ದಿನ ತಪ್ಪದೆ ಹೇಳುತ್ತೇನೆ. ಬಲವಾದ ಪೆಟ್ಟು ಬಿದ್ದ ಕಣ್ಣಿನಲ್ಲಿ ನೋವು ಹೋಗಿ, ದೃಷ್ಟಿ ಮರಳಿದ ಮೇಲೂ, ವರ್ಷಗಳ ನಂತರ ಕಣ್ಣಿನ ಒತ್ತಡ ಏರಿ ದೃಷ್ಟಿ ಕುಂದಿಸುವ ಗ್ಲಾಕೋಮಾ ಕಾಣಿಸಿಕೊಳ್ಳಬಹುದು. ಮೊದಮೊದಲು ಅದು ಗೊತ್ತೇ ಆಗುವುದಿಲ್ಲ. ಹಾಗಾಗಿ ವೈದ್ಯರು ಬರೆದುಕೊಟ್ಟ ದಿನಕ್ಕೆ ಬನ್ನಿ, ಆಮೇಲೂ ಪ್ರತಿವರ್ಷ ಕಣ್ಣಿನ ಒತ್ತಡ ಪರೀಕ್ಷೆ ಮಾಡಿಸಿ.