ನಿತ್ಯದ ಊಟಕ್ಕೆ ಸೆಲಡಾನ್: ಎಂಟು ಸೂತ್ರಗಳು

ಹಸಿರು ಛಾಯೆಯ ಪಿಂಗಾಣಿಗೆ ಸೆಲಡಾನ್ ಎಂದು ಹೆಸರು; ಇಲ್ಲಿ ಹೇಳುವುದು ಕೊರಿಯಾದ ಸೆಲಡಾನ್ ಬಗ್ಗೆ. ಗೋರ್ಯೊ ಅರಸರ ಕಾಲದಲ್ಲಿ (918–1392) ಗಾಂಗ್‌ಜಿನ್, ಬುವಾನ್ ಸೀಮೆಯ ಆವಿಗೆಗಳಲ್ಲಿ ಬೆಂದ ಈ ಪಾತ್ರೆಗಳ ಬಣ್ಣವನ್ನು, 1123ರಲ್ಲಿ ಕೊರಿಯಾಕ್ಕೆ ಹೋಗಿದ್ದ ಚೀನಾದ ರಾಯಭಾರ ತಂಡದ ಶು ಜಿಂಗ್ ಮೆಚ್ಚಿ ಬರೆದಿಟ್ಟಿದ್ದಾನೆ. ಇಂದು ಇಚೊನ್ ಊರಿನ ಕುಶಲಕರ್ಮಿಗಳು ಅದೇ ಹಸಿರಿನಲ್ಲಿ ಅನ್ನದ ಬಟ್ಟಲನ್ನೂ ಮಾಡುತ್ತಾರೆ. ಅದನ್ನು ಶೋಕೇಸಿನಲ್ಲಿ ಇಡಬೇಡಿ, ಅದರಲ್ಲಿ ಉಣ್ಣಿ. ಅದಕ್ಕೆ ಇಷ್ಟು ತಿಳಿದಿದ್ದರೆ ಸಾಕು.

1. ಸಣ್ಣದಾಗಿ ಶುರುಮಾಡಿ. ಕೊರಿಯಾದಲ್ಲಿ ಪ್ರತಿಯೊಬ್ಬರ ಎಡಕ್ಕೆ ಅನ್ನದ ಬಟ್ಟಲು, ಬಲಕ್ಕೆ ಸೂಪಿನ ಬಟ್ಟಲು. ನಡುವೆ ಎಲ್ಲರೂ ಹಂಚಿಕೊಳ್ಳುವ ‘ಬಾಂಚಾನ್’ ವ್ಯಂಜನಗಳ ಪುಟ್ಟ ತಟ್ಟೆಗಳು. ಇಬ್ಬರಿರುವ ಮನೆಗೆ ಎರಡು ಜೊತೆ ಬಟ್ಟಲು, ಮೂರು ಪುಟ್ಟ ತಟ್ಟೆ ಸಾಕು. ಡಿನ್ನರ್ ಸೆಟ್ಟಿಗೆ ಅವಸರ ಬೇಡ.

2. ಹಗಲು ಬೆಳಕಿನಲ್ಲಿ ಆರಿಸಿ. ಗ್ಲೇಝಿನಲ್ಲಿರುವ (ಪಾತ್ರೆಯ ಮೇಲಿನ ಗಾಜಿನಂಥ ಲೇಪದಲ್ಲಿರುವ) ಅಲ್ಪ ಪ್ರಮಾಣದ ಕಬ್ಬಿಣವೇ ಈ ಹಸಿರಿನ ಮೂಲ. ಸುಮಾರು 1,250 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ, ಆಮ್ಲಜನಕ ಕಡಿಮೆಯಿದ್ದಾಗ ಹಸಿರು ಮೂಡುತ್ತದೆ. ಗಾಳಿ ಹೆಚ್ಚಾದರೆ ಬಣ್ಣ ಹಳದಿ, ಕಂದಿಗೆ ತಿರುಗುತ್ತದೆ. ಹಾಗಾಗಿ ಎರಡು ಬಟ್ಟಲುಗಳ ಛಾಯೆ ತುಸು ಬೇರೆಯಾದರೆ ಅದು ದೋಷವಲ್ಲ. ಹೊಂದಲೇಬೇಕೆಂದರೆ ಒಂದೇ ಸಲ ಸುಟ್ಟವನ್ನು ಕೇಳಿ ಪಡೆಯಿರಿ.

3. ಚಿತ್ತಾರ ಗ್ಲೇಝಿನ ಕೆಳಗಿರಲಿ. 12ನೇ ಶತಮಾನದಲ್ಲಿ ಗೋರ್ಯೊ ಕುಂಬಾರರು ‘ಸಾಂಗ್‌ಗಾಮ್’ ಕಲೆಯನ್ನು ಉತ್ತುಂಗಕ್ಕೇರಿಸಿದರು: ಹಸಿಮಣ್ಣಿನ ಮೇಲೆ ಕೊಕ್ಕರೆ, ಮೋಡಗಳನ್ನು ಕೊರೆದು, ಬಿಳಿ ಮತ್ತು ಕೆಂಪು ಮಣ್ಣು ತುಂಬಿ, ಮೇಲೆ ಗ್ಲೇಝ್ ಕೊಡುವುದು. ಬೆಂದಾಗ ಕೆಂಪು ಮಣ್ಣು ಕಪ್ಪಾಗುತ್ತದೆ. ಎಷ್ಟು ತೊಳೆದರೂ ಈ ಚಿತ್ತಾರ ಅಳಿಯದು. ಆದರೆ ಗ್ಲೇಝಿನ ಮೇಲೆ ಬಳಿದ ಚಿನ್ನದ ಗೆರೆ ಸವೆಯುತ್ತದೆ, ಮೈಕ್ರೋವೇವಿಗೂ ಆಗದು.

4. ಬಿರುಕಿನ ಬಲೆಯನ್ನು ಗಮನಿಸಿ. ಸುಟ್ಟ ಪಾತ್ರೆ ತಣಿಯುವಾಗ ಮಣ್ಣಿಗಿಂತ ಗ್ಲೇಝ್ ಹೆಚ್ಚು ಕುಗ್ಗಿದರೆ ಸೂಕ್ಷ್ಮ ಗೆರೆಗಳು ಮೂಡುತ್ತವೆ. ನೋಡಲು ಬಲು ಚೆಂದ. ಆದರೆ ಅರಿಶಿನ, ಎಣ್ಣೆ, ಚಹಾ ಆ ಗೆರೆಗಳೊಳಗೆ ಇಳಿದು ಕಲೆಯಾಗುತ್ತದೆ. ನಮ್ಮ ಹುಳಿ, ಗೊಜ್ಜಿಗೆ ಗೆರೆಯಿಲ್ಲದ ನುಣುಪು ಬಟ್ಟಲನ್ನೇ ಕೊಳ್ಳಿ. ಗೆರೆಯಿರುವ ತಟ್ಟೆ ಹಣ್ಣಿಗೆ, ಒಣ ತಿಂಡಿಗೆ ಇರಲಿ.

5. ಊಟಕ್ಕೆ ಯೋಗ್ಯವೇ ಎಂದು ಕೇಳಿ. ಕೆಲವು ಅಲಂಕಾರಕ್ಕೆಂದೇ ಮಾಡಿದವು. ಸಂಶಯವಿದ್ದರೆ ಗ್ಲೇಝಿನ ಮೇಲೆ ನಿಂಬೆಹೋಳನ್ನು ಒಂದು ರಾತ್ರಿ ಇಡಿ. ಬಣ್ಣ ಮಾಸಿದರೆ ಆ ಪಾತ್ರೆಯಲ್ಲಿ ಹುಳಿ ಪದಾರ್ಥ ಬೇಡವೇ ಬೇಡ. ಮಾಸದಿದ್ದರೂ ಅದು ಪೂರ್ಣ ಭರವಸೆಯಲ್ಲ. ತಯಾರಕರ ಮಾತೇ ಮುಖ್ಯ.

6. ಬಣ್ಣಕ್ಕೆ ಬಣ್ಣ ಹೊಂದಿಸಿ. ತಿಳಿಹಸಿರಿನ ಮೇಲೆ ಪಾಲಕ್, ಸೌತೆಕಾಯಿ ಕಳೆದುಹೋಗುತ್ತವೆ. ಬಿಳಿ ಅನ್ನ, ಕೊರಿಯಾದ ಉಪ್ಪಿನಕಾಯಿಯಾದ ಕೆಂಪು ಕಿಮ್ಚಿ, ಮೊಟ್ಟೆಯ ಹಳದಿ ಎದ್ದು ಕಾಣುತ್ತವೆ. ನಮ್ಮ ಮೊಸರನ್ನ, ಬೀಟ್‌ರೂಟ್ ಪಲ್ಯ, ಕ್ಯಾರೆಟ್ ಕೋಸಂಬರಿಗೂ ಇದು ಹೇಳಿ ಮಾಡಿಸಿದ ತಟ್ಟೆ. ಅಂಚು ಕಾಣುವಂತೆ ಕಡಿಮೆ ಬಡಿಸಿ.

7. ಬಿಸಿ–ತಂಪಿನ ಪೆಟ್ಟು ತಪ್ಪಿಸಿ. ಫ್ರಿಜ್ಜಿನಿಂದ ತೆಗೆದ ಬಟ್ಟಲಿಗೆ ಕುದಿಯುವ ಸಾರು ಸುರಿಯಬೇಡಿ. ಮೊದಲು ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು ಬೆಚ್ಚಗೆ ಮಾಡಿಕೊಳ್ಳಿ. ಒಲೆಯ ಮೇಲಂತೂ ಇಡಲೇಬೇಡಿ.

8. ತೊಳೆಯುವುದು, ಜೋಡಿಸುವುದು. ಮೆತ್ತನೆಯ ಸ್ಪಂಜು ಸಾಕು. ಲೋಹದ ಉಜ್ಜುಬ್ರಷ್ ಬೇಡ. ಸ್ಟೀಲ್ ಚಮಚದ ಬೂದುಗೆರೆಗಳು ಬಹುಪಾಲು ಗೀರಲ್ಲ, ಅಂಟಿದ ಲೋಹ. ಅಡುಗೆ ಸೋಡಾ ಹಚ್ಚಿ ನಯವಾಗಿ ಉಜ್ಜಿದರೆ ಹೋಗುತ್ತವೆ. ಬುಡದ ಗ್ಲೇಝಿಲ್ಲದ ಅಂಚು ಒರಟಾಗಿದ್ದರೆ ಒದ್ದೆ ಮರಳುಕಾಗದದಿಂದ ತಿಕ್ಕಿ. ಒಂದರ ಮೇಲೊಂದು ಇಡುವಾಗ ನಡುವೆ ಬಟ್ಟೆಯ ತುಂಡಿರಲಿ.

ಕುಂಬಾರ ಬಟ್ಟಲು ಮಾಡಿದ್ದು ಉಣ್ಣುವವರಿಗಾಗಿ. ಹಬ್ಬಕ್ಕೆಂದು ಕಾಯಬೇಡಿ, ಇಂದಿನ ಊಟಕ್ಕೇ ಹೊರತೆಗೆಯಿರಿ.