ಯಂತ್ರ ಯಾರ ಕೈಯಲ್ಲಿ? ಡೆನ್ಮಾರ್ಕಿನ ಹಾಲಿನ ಸಂಘಗಳಿಂದ ಒಂದು ಪಾಠ



ಹೊಸ ಯಂತ್ರದ ಮಾತು ಬಂದಾಗಲೆಲ್ಲ ನಮ್ಮ ಸಭೆಗಳಲ್ಲಿ ಮೊದಲು ಏಳುವ ಪ್ರಶ್ನೆ, "ಬೆಲೆ ಎಷ್ಟು, ಸಬ್ಸಿಡಿ ಎಷ್ಟು?" ಎಂಬುದು. ಪ್ರಶ್ನೆ ತಪ್ಪಲ್ಲ. ಆದರೆ ಅದಕ್ಕೂ ಮೊದಲು ಕೇಳಬೇಕಾದುದು ಇನ್ನೊಂದಿದೆ: ಆ ಯಂತ್ರ ಯಾರ ಕೈಯಲ್ಲಿರುತ್ತದೆ, ಅದರ ಲೆಕ್ಕ ನೋಡುವವರು ಯಾರು? ಈ ಬಗ್ಗೆ ಡೆನ್ಮಾರ್ಕಿನ ರೈತರ ಅನುಭವವನ್ನು ನಾವು ತಿಳಿದಿರುವುದು ಒಳ್ಳೆಯದು.

1870ರ ದಶಕದಲ್ಲಿ ಅಮೆರಿಕ ಮತ್ತು ರಷ್ಯಾದ ಅಗ್ಗದ ಧಾನ್ಯ ಯುರೋಪಿನ ಪೇಟೆಗೆ ನುಗ್ಗಿ, ಧಾನ್ಯದ ಧಾರಣೆ ಕುಸಿಯಿತು. ಡೆನ್ಮಾರ್ಕಿನ ರೈತರಿಗೆ ಉಳಿದ ದಾರಿ ಬೆಣ್ಣೆ. ಅದಕ್ಕೆ ಇಂಗ್ಲೆಂಡಿನಲ್ಲಿ ಒಳ್ಳೆಯ ಗಿರಾಕಿ ಇತ್ತು. ಆದರೆ ಆ ಬೆಲೆ ಸಿಗುತ್ತಿದ್ದುದು ದೊಡ್ಡ ಎಸ್ಟೇಟುಗಳ ಬೆಣ್ಣೆಗೆ. ನಾಲ್ಕಾರು ಹಸು ಕಟ್ಟಿದವನ ಮನೆಯ ಬೆಣ್ಣೆ ದಿನಕ್ಕೊಂದು ಗುಣದ್ದಾಗಿದ್ದು, ವರ್ತಕರು ಕಡಿಮೆ ದರಕ್ಕೆ ಕೊಳ್ಳುತ್ತಿದ್ದರು.

ಎಲ್ಲರ ಹಾಲನ್ನೂ ಒಂದೆಡೆ ಸೇರಿಸೋಣವೆಂದರೆ ತೊಡಕಿತ್ತು. ಕೆನೆ ಕಟ್ಟಲು ಹಾಲನ್ನು ಗಂಟೆಗಟ್ಟಲೆ ಅಲುಗಾಡದಂತೆ ಇಡಬೇಕಿತ್ತು. ಗಾಡಿಯಲ್ಲಿ ಕುಲುಕಿ ಬಂದ ಹಾಲು ಸರಿಯಾಗಿ ಕೆನೆಗಟ್ಟುತ್ತಿರಲಿಲ್ಲ. 1878ರ ಸುಮಾರಿಗೆ ಸ್ವೀಡನ್ನಿನ ಗುಸ್ತಾಫ್ ಡಿ ಲಾವಲ್ ಅವರೂ ಡೆನ್ಮಾರ್ಕಿನ ತಯಾರಕರೂ ವೇಗವಾಗಿ ತಿರುಗುತ್ತ ಕೆನೆಯನ್ನು ಬೇರ್ಪಡಿಸುವ ಸೆಪರೇಟರ್ ಯಂತ್ರಗಳನ್ನು ಹೊರತಂದರು. ದೂರದ ಹಾಲಿಗೂ ದಾರಿಯಾಯಿತು. ಆದರೆ ಅಂಥ ಯಂತ್ರ ಒಬ್ಬ ಸಣ್ಣ ರೈತನ ಕೈಗೆ ಎಟುಕುವಂಥದಲ್ಲ. ಹಣವಿದ್ದ ಖಾಸಗಿಯವರು ಯಂತ್ರ ಹೂಡಿದರೆ, ರೈತ ಹಾಲು ಮಾರುವವನಾಗಿಯೇ ಉಳಿಯುತ್ತಿದ್ದ.

ಇಲ್ಲಿ ಸ್ಥಳೀಯ ಮುಂದಾಳುತನ ಕೆಲಸ ಮಾಡಿತು. 1882ರಲ್ಲಿ ಪಶ್ಚಿಮ ಜಟ್‌ಲ್ಯಾಂಡಿನ ಯೆಡ್ಡಿಂಗ್ ಎಂಬ ಸಣ್ಣ ಊರಿನಲ್ಲಿ, ಹಾಲಿನ ಕಸುಬು ಕಲಿತಿದ್ದ ಸ್ಟಿಲ್ಲಿಂಗ್ ಆಂಡರ್ಸನ್ ಎಂಬ ಯುವಕನ ಮುಂದಾಳುತನದಲ್ಲಿ ರೈತರು ದೇಶದ ಮೊದಲ ಸಹಕಾರಿ ಡೈರಿಯನ್ನು ಕಟ್ಟಿದರು. ಇಂಥ ಸಂಘಗಳ ನಿಯಮಗಳು ಸರಳವಾಗಿದ್ದವು:

1. ಮನೆ ಬಳಕೆಯದನ್ನು ಬಿಟ್ಟು ಉಳಿದ ಹಾಲೆಲ್ಲ ಸಂಘಕ್ಕೆ.
2. ಸಾಲಕ್ಕೆ ಎಲ್ಲರೂ ಜಂಟಿ ಹೊಣೆ.
3. ಲಾಭ ಹಂಚಿಕೆ ಕೊಟ್ಟ ಹಾಲಿನ ಪ್ರಮಾಣಕ್ಕೆ ತಕ್ಕಂತೆ.
4. ಹಸು ಎಷ್ಟೇ ಇರಲಿ, ಒಬ್ಬ ಸದಸ್ಯನಿಗೆ ಒಂದೇ ಮತ.

ಆದರೂ ಒಂದು ಕೊರತೆ ಉಳಿಯಿತು. ತೂಕದ ಮೇಲೆ ಹಣ ಕೊಟ್ಟರೆ ತೆಳು ಹಾಲಿಗೂ ಗಟ್ಟಿ ಹಾಲಿಗೂ ಒಂದೇ ದರ; ಪ್ರಾಮಾಣಿಕನಿಗೆ ನಷ್ಟ. ಕೋಪನ್‌ಹೇಗನ್ನಿನ ಕೃಷಿ ಕಾಲೇಜಿನ ಅಧ್ಯಾಪಕ ಎನ್. ಜೆ. ಫ್ಯೋರ್ಡ್ ಅವರು 1880ರ ದಶಕದಲ್ಲಿ ಅನೇಕ ಸದಸ್ಯರ ಹಾಲಿನ ಮಾದರಿಗಳನ್ನು ಒಟ್ಟಿಗೆ ತಿರುಗಿಸಿ ಕೆನೆ ಅಳೆಯುವ ಉಪಕರಣ ರೂಪಿಸಿದರು. ಕೆನೆಗೆ ತಕ್ಕ ದರ ಕೊಡಲು ಸಾಧ್ಯವಾಯಿತು. ಸಂಘವನ್ನು ಉಳಿಸುವುದರಲ್ಲಿ ಈ ಚಿಕ್ಕ ಅಳತೆಯ ಪಾಲು ದೊಡ್ಡ ಯಂತ್ರದ ಪಾಲಿಗಿಂತ ಕಡಿಮೆಯಲ್ಲವೆಂದು ನನ್ನ ಅಭಿಪ್ರಾಯ.

1890ರ ಹೊತ್ತಿಗೆ ಇಂಥ ನೂರಾರು ಡೈರಿಗಳಿದ್ದವು. ಕೆನೆ ತೆಗೆದ ಹಾಲು ರೈತರಿಗೇ ಮರಳಿ, ಹಂದಿ ಸಾಕಣೆ ಬೆಳೆಯಿತು; 1887ರಲ್ಲಿ ಹಾರ್ಸೆನ್ಸ್‌ನಲ್ಲಿ ಮೊದಲ ಸಹಕಾರಿ ಹಂದಿಮಾಂಸ ಕಾರ್ಖಾನೆ ತಲೆಯೆತ್ತಿತು. ಸಭೆ ನಡೆಸಲು, ಲೆಕ್ಕ ಪ್ರಶ್ನಿಸಲು ಬಲ್ಲ ಯುವಕರನ್ನು ಅಲ್ಲಿಯ ಜನತಾ ಶಾಲೆಗಳು ತಯಾರು ಮಾಡಿದ್ದವು. ಹಿಂದಿನ ಮೈಸೂರು ರಾಜ್ಯದ ವಯಸ್ಕರ ಶಿಕ್ಷಣ ಸಮಿತಿಯ ವಿದ್ಯಾಪೀಠಗಳಿಗೆ ಮಾದರಿಯಾದುದೂ ಇವೇ ಶಾಲೆಗಳು. ಮುಂದೆ ಸಂಘಗಳು ಒಂದರೊಳಗೊಂದು ವಿಲೀನವಾಗಿ ಹಳ್ಳಿಯ ಡೈರಿಗಳು ಬಹುಮಟ್ಟಿಗೆ ಮುಚ್ಚಿದವು ಎಂಬುದನ್ನೂ ಮರೆಯಬಾರದು. ದೊಡ್ಡದಾಗುವುದಕ್ಕೂ ಬೆಲೆ ತೆರಬೇಕಾಗುತ್ತದೆ.

ಈಗ ನಮ್ಮ ವಿಷಯ. ಕಾಫಿಯ ಔಟ್‌ಟರ್ನ್, ತೇವಾಂಶ, ಅಡಿಕೆಯ ದರ್ಜೆ, ಇವೇ ನಮ್ಮ ಕೆನೆ. ವ್ಯಾಪಾರಿಯೊಬ್ಬರು ತೇವಾಂಶದ ಮೀಟರ್ ಓದಿ ಹೇಳಿದ ಅಂಕಿಗೆ ತಲೆಯಾಡಿಸಿ ಬಂದವನು ನಾನೂ ಹೌದು. ಆ ಅಂಕಿ ಸರಿಯೋ ತಪ್ಪೋ, ತಿಳಿಯುವ ಸಾಧನ ನನ್ನ ಬಳಿ ಇರಲಿಲ್ಲ.

ಮುಂದಿನ ಸಭೆಗೆ ಬರುವ ಮುನ್ನ ದಯವಿಟ್ಟು ಈ ಮೂರನ್ನು ಯೋಚಿಸಿ ಬನ್ನಿ: ನಮ್ಮ ಮಾಲನ್ನು ಅಳೆಯುವ ಸಾಧನ ನಮ್ಮದೇ ಆಗಬೇಕೇ? ಅದನ್ನು ಕಾಲಕಾಲಕ್ಕೆ ಪರೀಕ್ಷಿಸುವವರು ಯಾರು? ಧಾರಣೆ ಹೊರಗೆ ಎರಡು ರೂಪಾಯಿ ಏರಿದ ದಿನವೂ ಮಾಲನ್ನು ಸಂಘಕ್ಕೇ ತರಲು ನಾವು ಸಿದ್ಧರೇ? ಮೂರನೆಯದಕ್ಕೆ ಉತ್ತರ "ಹೌದು" ಎಂದಾದರೆ, ಯಂತ್ರದ ಬೆಲೆಯ ಮಾತನ್ನು ಅಂದೇ ಆಡೋಣ.

— ಕಾರ್ಯದರ್ಶಿ